ಎಡಗಾಲು ಎಸೆದ ಭರ್ಜಿ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಆಟವಾಡುವ ಹುಡುಗನ ಕೈಯೋ ಕಾಲೋ ಉಳುಕಿದರೆ ಚಿಕಿತ್ಸೆಗೊಂದು ಕ್ರಮವಿದೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೀವುವುದು, ಮಾರನೆಯ ದಿನ ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಕಾವು, ಅದಕ್ಕೂ ಬಗ್ಗದಿದ್ದರೆ ಪುತ್ತೂರು ಕಟ್ಟು. ಎಕ್ಸ್‌ರೇ ಬರುವುದು ಎಲ್ಲದರ ಕೊನೆಗೆ. ಅಷ್ಟರಲ್ಲಿ ಟೂರ್ನಮೆಂಟ್ ಮುಗಿದಿರುತ್ತದೆ, ಕೆಲವೊಮ್ಮೆ ಹುಡುಗನ ಆಟವೂ ಮುಗಿದಿರುತ್ತದೆ. ನೀವುವವರು, ಕಟ್ಟು ಹಾಕುವವರು, ಮಾತ್ರೆ ಬರೆಯುವವರು ಎಲ್ಲರೂ ಕೇಳುವುದು ಎಲ್ಲಿ ನೋಯುತ್ತದೆ ಎಂದು. ಅದೇ ಮೈದಾನದಲ್ಲಿ ಅದೇ ಆಟ ಆಡಿದ ಪಕ್ಕದ ಮನೆಯವನಿಗೆ ಆಗದ್ದು ಇವನಿಗೇ ಯಾಕಾಯಿತು ಎಂದು ಕೇಳುವವರಿಲ್ಲ. ಆ ಪ್ರಶ್ನೆಯನ್ನೇ ಹಿಡಿದು ಕೂತ ವಿದ್ಯೆ ಬಯೋಮೆಕ್ಯಾನಿಕ್ಸ್. ಮೈಯ ಯಾವ ಕೀಲು ಎಷ್ಟು ಬಾಗಿತು, ಯಾವ ಮೂಳೆಯ ಮೇಲೆ ಎಷ್ಟು ಭಾರ ಬಿತ್ತು, ಯಾವುದು ಮೊದಲು ಚಲಿಸಿತು, ಯಾವುದು ಆಮೇಲೆ ಎಂದು ಅಳೆಯುವುದು ಇದರ ಕೆಲಸ.

ಈ ವಿದ್ಯೆಯ ಹೆಸರು ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡದ್ದು ಒಂದು ಮೊಣಕೈಯ ದೆಸೆಯಿಂದ. ಹರಿಯಾಣದ ಭರ್ಜಿ (ಜಾವೆಲಿನ್) ಎಸೆತಗಾರ ನೀರಜ್ ಚೋಪ್ರಾ ಅವರ ಬಲ ಮೊಣಕೈಯಲ್ಲಿ ಬೆಳೆದಿದ್ದ ಎಲುಬಿನ ಮುಳ್ಳುಗಳಿಗಾಗಿ 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ಅವರಿಗೆ 21 ವರ್ಷ. ಹಿಂದಿನ ವರ್ಷವಷ್ಟೇ ಕಾಮನ್‌ವೆಲ್ತ್ ಕೂಟದಲ್ಲಿಯೂ ಏಷ್ಯನ್ ಕ್ರೀಡಾಕೂಟದಲ್ಲಿಯೂ ಚಿನ್ನ ಗೆದ್ದಿದ್ದ ಕೈ ಅದು. ಚೇತರಿಸಿಕೊಳ್ಳಲು ಅವರು ಪಟಿಯಾಲದಲ್ಲಿ ಇದ್ದರು, ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿಯೂ ಇದ್ದರು. ಅಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಸಂಪೂರ್ಣ ಖಾಸಗಿ ಹಣದಲ್ಲಿ ಎದ್ದ ಸಂಸ್ಥೆ. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೋ ಪಟುಗಳು ಅಲ್ಲೇ ಉಳಿದು ಕಲಿಯುತ್ತಾರೆ. ತರಬೇತುದಾರರ ಜೊತೆಗೆ ಕ್ರೀಡಾ ವಿಜ್ಞಾನದವರೂ ಒಂದೇ ಸೂರಿನಡಿ ಇರುತ್ತಾರೆ ಎಂಬುದು ಅದರ ವಿಶೇಷ. ಉಕ್ಕಿನ ಊರಿನಲ್ಲೊಂದು ಕ್ರೀಡಾ ವಿಜ್ಞಾನ ಕೇಂದ್ರ ಎಂದು ಓದಿದಾಗ, ನಮ್ಮ ರಾಜ್ಯದ ಮೊದಲ ಉಕ್ಕಿನ ಊರಾದ ಭದ್ರಾವತಿಯವರಿಗೆ ಹೊಟ್ಟೆಯಲ್ಲಿ ಸಣ್ಣದೊಂದು ಉರಿ ಏಳುವುದು ಸಹಜ. ಆ ಉರಿಯ ಮಾತು ಆಮೇಲೆ. ಮೊದಲು ಮೊಣಕೈ.

ಅದೇ ವರ್ಷ ನವೆಂಬರಿನಲ್ಲಿ ನೀರಜ್ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಅವರ ತರಬೇತಿ ಜರ್ಮನಿಯ ಕ್ಲಾಸ್ ಬಾರ್ಟೋನೀಟ್ಜ್ ಅವರ ಕೈಗೆ ಬಂತು. ಈ ಬರಹಕ್ಕೆ ನನ್ನನ್ನು ಎಳೆದು ತಂದವರು ನಿಜಕ್ಕೂ ಈ ಮುದುಕರೇ. ವೃತ್ತಿಯಿಂದ ಬಯೋಮೆಕ್ಯಾನಿಕ್ಸ್ ತಜ್ಞರು. 2000ರಲ್ಲಿ ಹೊರಬಂದ 'ಬಯೋಮೆಕ್ಯಾನಿಕ್ಸ್ ಇನ್ ಸ್ಪೋರ್ಟ್' ಎಂಬ ದೊಡ್ಡ ಗ್ರಂಥದಲ್ಲಿ ಜಾವೆಲಿನ್ ಎಸೆತದ ಅಧ್ಯಾಯ ಬರೆದವರು. ನೀರಜ್ ಅವರ ಹಿಂದಿನ ತರಬೇತುದಾರ ಉವೆ ಹೋನ್ ತಾವೇ ದಂತಕಥೆ. 1984ರಲ್ಲಿ ಭರ್ಜಿಯನ್ನು 104.80 ಮೀಟರ್ ಎಸೆದು, ಕ್ರೀಡಾಂಗಣ ಸಾಲದೇ ಹೋದೀತೆಂದು ಭರ್ಜಿಯ ವಿನ್ಯಾಸವನ್ನೇ ಬದಲಿಸುವಂತೆ ಮಾಡಿದವರು. ಎಸೆದು ತೋರಿಸಿದ ಗುರುವಿನ ಬಳಿಯಿಂದ ಶಿಷ್ಯ ಅಳೆದು ನೋಡುವ ಗುರುವಿನ ಬಳಿಗೆ ಬಂದ. ಎಪ್ಪತ್ತರ ಆಸುಪಾಸಿನ ಈ ವಿದ್ವಾಂಸ ಬಿಸಿಲಲ್ಲಿ ನಿಂತು ನೋಡುತ್ತಿದ್ದುದು ಭರ್ಜಿ ಎಲ್ಲಿ ಬಿತ್ತೆಂದಲ್ಲ, ಶಿಷ್ಯನ ಎಡಪಾದ ನೆಲಕ್ಕೆ ಬಿದ್ದ ಬಗೆಯನ್ನು ಎಂದು ನಾನು ಊಹಿಸಿಕೊಳ್ಳುತ್ತೇನೆ. ಊಹೆಗೆ ಆಧಾರವಿದೆ.

ಬಲಗೈಯವನು ಭರ್ಜಿ ಎಸೆಯುವಾಗ ಕೊನೆಯಲ್ಲಿ ಊರುವುದು ಎಡಗಾಲು. ಓಡಿಬಂದ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಕೈಬಿಡುವಾಗ ಭರ್ಜಿಗೆ ಬೇಕಾದ ವೇಗ 28ರಿಂದ 30 ಮೀಟರ್, ಅಂದರೆ ಗಂಟೆಗೆ ನೂರು ಕಿಲೋಮೀಟರಿಗಿಂತ ಹೆಚ್ಚು. ಆರು ಮೂವತ್ತಾಗುವುದು ಸೆಕೆಂಡಿನ ಹತ್ತನೇ ಒಂದೆರಡು ಭಾಗದಲ್ಲಿ, ಎಡಪಾದ ನೆಲಕ್ಕೆ ತಾಗಿದಲ್ಲಿಂದ ಭರ್ಜಿ ಬೆರಳು ಬಿಡುವಷ್ಟರ ನಡುವೆ. ಎಡಗಾಲು ಸೆಟೆದು ನಿಂತರೆ ಓಡಿಬಂದ ಮೈ ಸೊಂಟದ ಹತ್ತಿರ ತಟ್ಟನೆ ತಡೆದು ನಿಲ್ಲುತ್ತದೆ. ಸೊಂಟ ನಿಂತಾಗ ಎದೆ ಮುನ್ನುಗ್ಗುತ್ತದೆ, ಎದೆ ನಿಂತಾಗ ಭುಜ, ಭುಜದ ಹಿಂದೆ ಮೊಣಕೈ, ಎಲ್ಲಕ್ಕೂ ಕೊನೆಗೆ ಮುಂಗೈ. ಪ್ರತಿ ಕೀಲೂ ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸಿ ತಾನು ನಿಧಾನವಾಗುತ್ತದೆ. ಕೈ ಇಲ್ಲಿ ಕೊನೆಯ ಫಲಾನುಭವಿ ಮಾತ್ರ. ಆ ಕ್ಷಣದಲ್ಲಿ ಎಡಗಾಲು ಹೊರುವುದು ದೇಹದ ತೂಕದ ಹಲವು ಪಟ್ಟು ಭಾರ.

ಇನ್ನು ಆ ಎಡ ಮಂಡಿ ಸ್ವಲ್ಪ ಕುಸಿಯಿತು ಎಂದುಕೊಳ್ಳಿ. ಓಟದ ವೇಗ ಮಂಡಿಯಲ್ಲೇ ಸೋರಿಹೋಗುತ್ತದೆ. ಆದರೆ ಎಸೆಯುವವನ ಮನಸ್ಸಿಗೆ ದೂರ ಬೇಕೇ ಬೇಕು. ಕಾಲು ಕೊಡದ ವೇಗವನ್ನು ತೋಳಿನಿಂದ ಹಿಂಡಿ ತೆಗೆಯಲು ಹೊರಡುತ್ತಾನೆ. ಎಸೆಯುವಾಗ ಮೊಣಕೈಯ ಒಳಮಗ್ಗುಲಿನ ಸ್ನಾಯುಬಂಧ ಹಿಗ್ಗುತ್ತದೆ, ಹೊರಮಗ್ಗುಲು ಅದುಮಿಕೊಳ್ಳುತ್ತದೆ, ಹಿಂಭಾಗದಲ್ಲಿ ಮೂಳೆಗೆ ಮೂಳೆ ಉಜ್ಜುತ್ತದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಹೀಗೆ ನಡೆದಾಗ ಮುಳ್ಳು ಬೆಳೆಯದೆ ಇನ್ನೇನಾದೀತು? ನೋವು ಕೈಯಲ್ಲಿ, ಕಾರಣ ಕಾಲಲ್ಲಿ. ಎಣ್ಣೆ ನೀವುವವರಿಗೆ ಇದು ಕಾಣುವುದಿಲ್ಲ. ಬರಿಗಣ್ಣಿನ ತರಬೇತುದಾರನಿಗೂ ಕಷ್ಟ.

ಈ ವಿದ್ಯೆಯ ಸೊಗಸು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಹೆಚ್ಚು ದೂರ ಎಸೆಯುವ ದಾರಿ, ಗಾಯವಾಗದಂತೆ ಎಸೆಯುವ ದಾರಿ ಎಂದು ಎರಡು ದಾರಿಗಳಿಲ್ಲ. ಎಡಗಾಲು ಸರಿಹೋದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಬಿಡುಗಡೆಯ ವೇಗ ಸೆಕೆಂಡಿಗೆ ಒಂದೇ ಒಂದು ಮೀಟರ್ ಹೆಚ್ಚಿದರೂ ಭರ್ಜಿ ಐದು ಮೀಟರಿಗಿಂತ ಮುಂದೆ ಹೋಗಿ ಬೀಳುತ್ತದೆ, ಲೆಕ್ಕ ಹಾಗಿದೆ. ನೀರಜ್ 2020ರ ಜನವರಿಯಲ್ಲಿ ಪಾಚೆಫ್‌ಸ್ಟ್ರೂಮ್‌ನಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆದದ್ದು ಎಲ್ಲರಿಗೂ ಗೊತ್ತು. ಹಾಗೆಂದು ಈ ಶಾಸ್ತ್ರಕ್ಕೆ ದೈವತ್ವ ಹಚ್ಚುವುದು ಬೇಡ. 2024ರ ಪ್ಯಾರಿಸ್ ಹೊತ್ತಿಗೆ ತೊಡೆಸಂದಿನ ನೋವು ಅದೇ ಕಾಲೂರುವ ಕ್ರಿಯೆಯನ್ನು ಕಾಡುತ್ತಿತ್ತು. ಆರು ಎಸೆತಗಳಲ್ಲಿ ಐದು ಫೌಲ್, ಉಳಿದೊಂದು 89.45 ಮೀಟರಿನ ಬೆಳ್ಳಿ. ಮೈ ದಣಿಯುತ್ತದೆ, ಅಳತೆ ಗೊತ್ತಿದ್ದ ಮಾತ್ರಕ್ಕೆ ದಣಿಯುವುದು ನಿಲ್ಲುವುದಿಲ್ಲ.

ಅಳೆಯುವುದು ಹೇಗೆ? ದೊಡ್ಡ ಪ್ರಯೋಗಾಲಯಗಳಲ್ಲಿ ಪಟುವಿನ ಕೀಲುಕೀಲಿಗೂ ಕಡಲೆಗಾತ್ರದ ಹೊಳೆಯುವ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತ ನಿಲ್ಲಿಸಿದ ಇನ್‌ಫ್ರಾರೆಡ್ ಕ್ಯಾಮೆರಾಗಳು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಆ ಗುಂಡುಗಳು ಎಲ್ಲಿವೆ ಎಂದು ಗುರುತು ಹಾಕಿಕೊಳ್ಳುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ಮಾಂಸವೂ ಮುಖವೂ ಇಲ್ಲದ, ಬರೀ ಕೀಲು ಗೆರೆಗಳ ಒಂದು ಆಕೃತಿ ಬಳ್ಳಾರಿ ಸೀಮೆಯ ತೊಗಲುಗೊಂಬೆಯಂತೆ ಕುಣಿಯತೊಡಗುತ್ತದೆ. ನೆಲದಲ್ಲಿ ಹುಗಿದಿಟ್ಟ ಫೋರ್ಸ್ ಪ್ಲೇಟ್ ಪಾದ ಎಷ್ಟು ಜೋರಾಗಿ, ಯಾವ ದಿಕ್ಕಿಗೆ ಒತ್ತಿತು ಎಂದು ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಒಳಗಿನ ಕೀಲಿನ ಮೇಲೆ ಬಿದ್ದ ಭಾರ ತಿಳಿಯುತ್ತದೆ. ಉಳಿದದ್ದು ಗಣಿತ, ಅದು ತಜ್ಞರ ಪಾಡು.

ಇತಿಹಾಸ ಒಂದೆರಡು ಸಾಲಿನಲ್ಲಿ ಹೇಳುವುದಾದರೆ, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ 1878ರಲ್ಲಿ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ಉತ್ತರ ಹುಡುಕಿದಲ್ಲಿಂದ ಇದು ಬೆಳೆದು ಬಂತು. ನಮ್ಮ ಕ್ರಿಕೆಟ್ ಮರುಳರಿಗೆ ಇದರ ಪರಿಚಯ ಮಾಡಿಸಿದವರು ಮುತ್ತಯ್ಯ ಮುರಳೀಧರನ್. ಬೌಲಿಂಗ್ ಮಾಡುವಾಗ ಅವರ ಮೊಣಕೈ ನೇರವಾಗುತ್ತದೆ ಎಂಬ ತಕರಾರು ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋಯಿತು. ಕೊನೆಗೆ 2005ರಿಂದ ಎಲ್ಲ ಬೌಲರುಗಳಿಗೂ ಮೊಣಕೈ 15 ಡಿಗ್ರಿಯವರೆಗೆ ನೇರವಾಗಬಹುದು ಎಂಬ ನಿಯಮ ಬಂತು.

ಅದೇ ಆಸ್ಟ್ರೇಲಿಯಾದಲ್ಲಿ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು ಮಾಡಿದ ಇನ್ನೊಂದು ಕೆಲಸ ನಮಗೆ ಹೆಚ್ಚು ಮುಖ್ಯ. ವೇಗದ ಬೌಲರ್ ಚೆಂಡು ಬಿಡುವಾಗ ಸೊಂಟ ಒಂದು ದಿಕ್ಕಿಗೂ ಭುಜ ಇನ್ನೊಂದು ದಿಕ್ಕಿಗೂ ತಿರುಚಿಕೊಳ್ಳುವ ಮಿಶ್ರ ಶೈಲಿಯಿದ್ದರೆ ಕೆಳಬೆನ್ನಿನ ಮೂಳೆಯಲ್ಲಿ ಸೀಳು ಬೀಳುವ ಅಪಾಯ ಹೆಚ್ಚು ಎಂದು ಅವರು ತೋರಿಸಿದರು. ಆ ಸೀಳು ಏನು ಮಾಡುತ್ತದೆಂದು ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಬಲ್ಲರು. 2023ರ ಐಪಿಎಲ್ ಇಡೀ ಅವರ ಕೈತಪ್ಪಿದ್ದು ಅದರಿಂದಲೇ. ಜಾವಗಲ್ ಶ್ರೀನಾಥ್ 1997ರಲ್ಲಿ, ಅನಿಲ್ ಕುಂಬ್ಳೆ 2001ರಲ್ಲಿ ಭುಜದ ಗಾಯದಿಂದ ಹೊರಗೆ ಕೂತರು. ಇಬ್ಬರೂ ಎಂಜಿನಿಯರಿಂಗ್ ಓದಿದವರು. ಕುಂಬ್ಳೆ ಆಮೇಲೆ ಬ್ಯಾಟಿಗೆ ಅಂಟಿಸುವ ಸೆನ್ಸರ್ ತಯಾರಿಸುವ ಸ್ಪೆಕ್ಟಾಕಾಮ್ ಕಂಪನಿ ಕಟ್ಟಿದರು. ಚೆಂಡು ತಾಗಿದಾಗ ಬ್ಯಾಟು ಎಷ್ಟು ವೇಗದಲ್ಲಿತ್ತು, ಎಷ್ಟು ತಿರುಚಿತು ಎಂದು ಅದು ಹೇಳುತ್ತದೆ. ಆ ಸ್ಟಿಕ್ಕರನ್ನು ನಮ್ಮ ಗುಂಡಪ್ಪ ವಿಶ್ವನಾಥ್ ಅವರ ಬ್ಯಾಟಿಗೆ ಅಂಟಿಸಿ ನೋಡಬೇಕಿತ್ತು ಎಂಬುದು ನನ್ನ ಹಳೆಯ ಹಪಾಹಪಿ. ವಿಶಿ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆ ಮತ್ತು 137. ಆ ಗಿಡ್ಡ ಮೈಯಿಂದ, ಆ ಮಣಿಕಟ್ಟಿನಿಂದ ಸ್ಕ್ವೇರ್ ಕಟ್ ಹಾಗೆ ಹೊರಟದ್ದು ಹೇಗೆಂದು ಯಾರೂ ಅಳೆಯಲಿಲ್ಲ. ಅಳೆಯದಿದ್ದುದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ, ನಾನು ಜಗಳಕ್ಕೆ ಹೋಗುವುದಿಲ್ಲ.

ಆದರೆ ಮೈದಾನದ ಹೆಣ್ಣುಮಕ್ಕಳ ಮಂಡಿಯ ವಿಷಯದಲ್ಲಿ ಜಗಳಕ್ಕೆ ಸಿದ್ಧ. ಜಿಗಿದು ನೆಲಕ್ಕಿಳಿಯುವ, ತಟ್ಟನೆ ದಿಕ್ಕು ಬದಲಿಸುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಸ್ನಾಯುಬಂಧ ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 205 ಆಟಗಾರ್ತಿಯರನ್ನು ಸುಮಾರು ಒಂದಡಿ ಎತ್ತರದ ಪೆಟ್ಟಿಗೆಯಿಂದ ಕೆಳಗೆ ಧುಮುಕಿಸಿ, ಮಂಡಿಗಳು ಎಷ್ಟು ಒಳಗೆ ಬಾಗುತ್ತವೆ ಎಂದು ಮೊದಲೇ ಅಳೆದಿಟ್ಟರು. ಆಮೇಲೆ ಅವರಲ್ಲಿ ಒಂಬತ್ತು ಮಂದಿಗೆ ಎಸಿಎಲ್ ಹರಿಯಿತು. ಹಿಂತಿರುಗಿ ನೋಡಿದರೆ ಆ ಒಂಬತ್ತು ಮಂದಿಯ ಮಂಡಿ ಉಳಿದವರಿಗಿಂತ ಸರಾಸರಿ 8 ಡಿಗ್ರಿ ಹೆಚ್ಚು ಒಳಗೆ ಬಾಗಿತ್ತು. ಗಾಯವಾಗುವ ಮುನ್ನವೇ ಮಂಡಿ ಹೇಳಿಕೊಂಡಿತ್ತು. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಆಟಕ್ಕೆ ಮೊದಲು ಇಪ್ಪತ್ತು ನಿಮಿಷದ ವಿಶೇಷ ವಾರ್ಮ್‌ಅಪ್ ಮಾಡಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು ಎಂದು 2008ರಲ್ಲಿ ವರದಿಯಾಯಿತು. ಒಂಟಿಕಾಲಲ್ಲಿ ನಿಲ್ಲುವುದು, ಮಂಡಿ ಪಾದದ ನೇರಕ್ಕೇ ಇರುವಂತೆ ಬಸ್ಕಿ ಹೊಡೆಯುವುದು, ಸದ್ದಾಗದಂತೆ ಜಿಗಿದಿಳಿಯುವುದು. ಇದಕ್ಕೆ ಕ್ಯಾಮೆರಾ ಬೇಡ, ಹಣ ಬೇಡ. ಮಾಡಿಸುವ ಒಬ್ಬರು ಬೇಕು.

ನ್ಯೂ ಟೌನ್ ಅಂಥವರಿದ್ದ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ ತನ್ನ ಕಾರ್ಮಿಕರಿಗೆ ಮನೆ, ಶಾಲೆ, ಆಸ್ಪತ್ರೆಯ ಜೊತೆ ಮೈದಾನವನ್ನೂ ಕೊಟ್ಟಿತು. ಪಾಳಿ ಮುಗಿಸಿ ಬಂದವರು ಸಂಜೆ ಮಕ್ಕಳನ್ನು ಆಡಿಸುತ್ತಿದ್ದರು. ಪಿ.ಟಿ. ಮೇಷ್ಟ್ರುಗಳು ಬರೀ ಕೈ ಬೀಸಬೇಡ, ಮೈ ಬೀಸು ಎಂದು ಗದರುತ್ತಿದ್ದರು. ಬಾರ್ಟೋನೀಟ್ಜ್ ಗ್ರಂಥ ಓದದೆಯೂ ಅವರು ಆಡಿದ್ದು ಅದೇ ಮಾತು. ನೂರು ತುಂಬಿದ ವರ್ಷದಲ್ಲೇ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. ಹೋರಾಟ, ಭರವಸೆ, ಮತ್ತೆ ಭರವಸೆ ನಡೆದೇ ಇವೆ. ಊರಿನ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಕಾರ್ಖಾನೆ ಸೊರಗಿದರೆ ಮೈದಾನದ ಅಂಚಿನಲ್ಲಿ ನಿಂತು ನೋಡುವ ಹಿರಿಯರೂ ಕಡಿಮೆಯಾಗುತ್ತಾರೆ. ಕಬಡ್ಡಿ ಮಾತ್ರ ಊರು ಬಿಟ್ಟಿಲ್ಲ, ಕನಕ ಮಂಟಪ ಮೈದಾನದಲ್ಲಿ ಪಂದ್ಯವಿದ್ದರೆ ಇವತ್ತಿಗೂ ಜನ ಸೇರುತ್ತಾರೆ. ಮಂಡಿ ಕೆಡಿಸಿಕೊಂಡು ಮನೆ ಸೇರುವವರೂ ಅಲ್ಲೇ ಸಿಗುತ್ತಾರೆ.

ತೋರಣಗಲ್ಲಿನಂಥ ಸಂಸ್ಥೆ ನ್ಯೂ ಟೌನ್‌ಗೆ ಬರಲಿ ಎಂದು ನಾನು ಕೇಳುತ್ತಿಲ್ಲ, ಅದು ಬರುವುದೂ ಇಲ್ಲ. ಆದರೆ ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಅಲ್ಲಿ ದೈಹಿಕ ಶಿಕ್ಷಣ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೂಳೆ ತಜ್ಞರಿದ್ದಾರೆ. ಈಗ ಬರುವ ಸಾಧಾರಣ ಮೊಬೈಲುಗಳೂ ಸ್ಲೋ ಮೋಷನ್ ಹಿಡಿಯುತ್ತವೆ. ಬೌಲರನ ಬೆನ್ನು ತಿರುಚುವುದನ್ನು, ಹುಡುಗಿಯ ಮಂಡಿ ಒಳಬಾಗುವುದನ್ನು ನೋಡಲು ಅಷ್ಟು ಧಾರಾಳವಾಗಿ ಸಾಕು. ವಿಶ್ವವಿದ್ಯಾಲಯದವರು ವಾರಕ್ಕೊಂದು ಸಂಜೆ ವಿದ್ಯಾರ್ಥಿಗಳನ್ನು ಭದ್ರಾವತಿಯ ಮೈದಾನಗಳಿಗೆ ಕಳಿಸಲಿ, ಒಂದಡಿ ಎತ್ತರದ ಮರದ ಪೆಟ್ಟಿಗೆಯೊಂದನ್ನೂ ಕಳಿಸಲಿ. ಶಾಲೆಗಳ ದೈಹಿಕ ಶಿಕ್ಷಕರು ಬರುವ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮೊದಲೇ ಆ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಶುರುಮಾಡಲಿ.