ಪಾತ್ರೆ ಗಾಡಿಯಲ್ಲಿ ಹುಡುಗರನ್ನು ಕೂರಿಸುವ ಮುನ್ನ



ಮದುವೆ ಸೀಜನ್ ಬಂತೆಂದರೆ ನಮ್ಮ ಕುಷಾಯಿಗೂಡ, ಇಸಿಐಎಲ್ ಭಾಗದ ಕೇಟರಿಂಗ್‌ನವರಿಗೆ ನಿದ್ದೆ ಇಲ್ಲ. ಕೀಸರ, ಘಟಕೇಸರ, ಯಾದಗಿರಿಗುಟ್ಟ ಎಂದು ಆರ್ಡರ್ ಬಂದ ಕಡೆಗೆಲ್ಲ ಗಾಡಿ ಓಡಬೇಕು. ಗ್ಯಾಸ್ ದರ, ಲೈಸೆನ್ಸ್ ಎಂದು ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಈ ಗಾಡಿಯ ವಿಷಯ ಎತ್ತುವುದು ಕಡಿಮೆ.

ಕೊನೆಯ ಪಂಕ್ತಿ ಏಳುವಾಗ ರಾತ್ರಿ ಹನ್ನೊಂದೂವರೆ. ಪಾತ್ರೆ ತೊಳೆದು ತುಂಬುವಷ್ಟರಲ್ಲಿ ಒಂದು ಗಂಟೆ. ಆ ಹೊತ್ತಿಗೆ ಬಸ್ಸಿಲ್ಲ. ಬಡಿಸುವ ಹುಡುಗರು ಎಂಟು ಹತ್ತು ಮಂದಿ ಗೂಡ್ಸ್ ಗಾಡಿಯ ಹಿಂದೆ ಕೊಪ್ಪರಿಗೆ, ಸಿಲಿಂಡರ್ ಮಧ್ಯೆಯೇ ಕೂತು, ಒರಗಿದಲ್ಲೇ ನಿದ್ದೆ ಹೋಗುತ್ತಾರೆ. ಯಾವ ಊರಿನ ಕೇಟರಿಂಗ್‌ನಲ್ಲೂ ಇದು ಮಾಮೂಲು.

ಪೊಲೀಸರ ದಂಡ ಸಣ್ಣ ವಿಷಯ. ದೊಡ್ಡದು ಇನ್ಶೂರೆನ್ಸ್. ಗೂಡ್ಸ್ ಗಾಡಿಯ ಪಾಲಿಸಿ ಸಾಮಾನಿಗಾಗಿ ಓಡುವ ಗಾಡಿಗೆ ಇರುವುದು, ಪ್ರಯಾಣಿಕರಿಗೆ ಅಲ್ಲ. 1994ರ ತಿದ್ದುಪಡಿಯಿಂದ ಸಾಮಾನಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಸಿಕ್ಕಿದೆ. ಹಾಗೆಂದು ಹತ್ತು ಮಂದಿಯನ್ನೂ ಪ್ರತಿನಿಧಿ ಎನ್ನಲಾಗುವುದಿಲ್ಲ. ಗಾಡಿ ಬಾಡಿಗೆಯದಾದರೆ ಇನ್ನೂ ಕಷ್ಟ. 2012ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪಾಲಿಸಿಯಲ್ಲಿ ನೌಕರ ಎಂದರೆ ಗಾಡಿ ಮಾಲೀಕರ ನೌಕರ, ಗಾಡಿ ಬಾಡಿಗೆಗೆ ಪಡೆದವರ ಆಳುಗಳಲ್ಲ. ಅಂದರೆ ನಮ್ಮ ಹುಡುಗರು ಲೆಕ್ಕಕ್ಕೇ ಇಲ್ಲ. ಕೆಲವು ಕೇಸುಗಳಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಗಾಡಿ ಮಾಲೀಕರಿಂದ ವಸೂಲಿ ಮಾಡಲಿ ಎಂದು ಕೋರ್ಟ್ ಆದೇಶ ಮಾಡುವುದೂ ಉಂಟು. ಸ್ವಂತ ಗಾಡಿ ಇರುವವರು ಎಷ್ಟು ನೌಕರರಿಗೆ ಪ್ರೀಮಿಯಂ ಕಟ್ಟಿದ್ದೀರಿ ಎಂದು ಪಾಲಿಸಿ ತೆಗೆದು ನೋಡಿ. ಕುಂದಾಪುರದಿಂದಲೋ ರಾಯಚೂರಿನಿಂದಲೋ ನಮ್ಮನ್ನು ನಂಬಿ ಬಂದ ಹುಡುಗನ ಮನೆಯವರಿಗೆ ಕೊನೆಗೆ ಉತ್ತರ ಹೇಳಬೇಕಾದವರು ನಾವೇ.

ಇನ್ನು ಸಾಮಾನಿನ ಮಾತು. ತುಂಬಿದ 19 ಕೆ.ಜಿ. ಸಿಲಿಂಡರ್ ತೊಟ್ಟಿಯ ತೂಕ ಸೇರಿ 35 ಕೆ.ಜಿ. ದಾಟುತ್ತದೆ. 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ; ಬ್ರೇಕ್ ಹಾಕಿದಾಗ ಗಾಡಿ ನಿಂತರೂ ಸಿಲಿಂಡರ್ ನಿಲ್ಲುವುದಿಲ್ಲ. ಸಿಲಿಂಡರ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಕ್ಯಾಪ್ ಹಾಕಿ, ಹಗ್ಗ ಬಿಗಿಯಬೇಕು. ಸಾಂಬಾರ್ ಡ್ರಮ್ಮಿಗೂ ಅಷ್ಟೇ. ಬಿಸಿ ಎಣ್ಣೆಯನ್ನಂತೂ ಗಾಡಿಗೆ ಹತ್ತಿಸಲೇಬಾರದು, ಆರಿದ ಮೇಲೆ ಸೋಸಿ ಡಬ್ಬಕ್ಕೆ ತುಂಬಿ.

ಡ್ರೈವರ್ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಬೆಳಿಗ್ಗೆ ತರಕಾರಿ ತಂದವನೇ ಮಧ್ಯಾಹ್ನ ಬಡಿಸಿ, ರಾತ್ರಿ ಗಾಡಿ ಓಡಿಸುತ್ತಾನೆ. ಬೆಳಗಿನ ಜಾವ ಎರಡರಿಂದ ಐದರವರೆಗೆ ಕಣ್ಣು ತಾನಾಗಿ ಮುಚ್ಚುವ ಹೊತ್ತು. ಚಹಾ ಕುಡಿಸಿದರೆ ಆಯಿತು ಎನ್ನುವವರಿದ್ದಾರೆ. ಚಹಾ ಮಾರುವವರು ನಾವು, ಅದರ ಶಕ್ತಿ ಎಷ್ಟೆಂದು ನಮಗೆ ಗೊತ್ತಿಲ್ಲವೇ! ಡ್ರೈವರನ್ನು ಬಡಿಸಲು ಹಾಕಬೇಡಿ, ಊಟ ಮಾಡಿಸಿ ಮಲಗಿಸಿ. ಚೆರ್ಲಪಲ್ಲಿ ಕಡೆಯಿಂದ ಗ್ಯಾಸ್ ಲಾರಿ, ಟ್ಯಾಂಕರ್‌ಗಳು ಬರುವ ನಮ್ಮ ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಲಾರಿಯ ಹಿಂಭಾಗ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ನಮ್ಮ ಗಾಡಿಯ ಹಿಂದೆಯೂ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಡಿ, ಖರ್ಚು ಹೆಚ್ಚೇನಿಲ್ಲ.

ಹುಡುಗರಿಗೆ ಸೀಟಿರುವ ಬೇರೆ ಗಾಡಿ ಮಾಡಿ. ಕೊಟೇಶನ್ ಕೊಡುವಾಗಲೇ ‘ಕೆಲಸಗಾರರ ಪ್ರಯಾಣ’ ಎಂದು ಒಂದು ಸಾಲು ಸೇರಿಸಿ. ಹೂವಿನ ಮಂಟಪಕ್ಕೆ ಲಕ್ಷ ಕೊಡುವ ಪಾರ್ಟಿ ಇದಕ್ಕೂ ಕೊಡುತ್ತದೆ. ಚೌಕಾಸಿ ಮಾಡಿದರೆ ಒಂದು ಸಿಹಿ ಕಡಿಮೆ ಮಾಡಿ, ಈ ಸಾಲು ತೆಗೆಯಬೇಡಿ. ಅದೂ ಆಗದಿದ್ದರೆ ಹುಡುಗರು ಹಾಲ್‌ನಲ್ಲೇ ಮಲಗಿ ಬೆಳಗಿನ ಬಸ್ಸಿಗೆ ಬರಲಿ.

ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ 108 ಮತ್ತು 112 ದೊಡ್ಡದಾಗಿ ಬರೆದಿಡಿ. 2025ರ ಮೇ 5ರಂದು ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷ ರೂ. ವರೆಗೆ ನಗದಿಲ್ಲದೆ ಚಿಕಿತ್ಸೆ ಉಂಟು. ಆಸ್ಪತ್ರೆಯವರು ಮುಂಗಡ ಕೇಳಿದರೆ ಈ ಯೋಜನೆಯ ಹೆಸರು ಹೇಳಲು ನಿಮ್ಮ ಮೇಸ್ತ್ರಿಗೆ ಈಗಲೇ ತಿಳಿಸಿಡಿ.