ವೈದ್ಯರ ಅಭಿಪ್ರಾಯಗಳು ಬೇರೆಯಾದಾಗ

ಸ್ತನ ಕ್ಯಾನ್ಸರಿನಿಂದ ಬಳಲುವ ತಾಯಿಗೆ ಒಬ್ಬ ವೈದ್ಯರು ಮೊದಲು ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತಾರೆ. ಮತ್ತೊಬ್ಬರು ಮೊದಲು ಕಿಮೋಥೆರಪಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕೆಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಚಿಕಿತ್ಸೆಯನ್ನು ನಿರ್ಣಯಿಸುವ ಅರ್ಹತೆ ನಮಗಿಲ್ಲ. ವಿಚಾರಿಸುವ ಕ್ರಮವನ್ನಷ್ಟೇ ಹೇಳಬಲ್ಲೆವು.

ಭಿನ್ನಾಭಿಪ್ರಾಯವಿದೆಯೆಂದ ಮಾತ್ರಕ್ಕೆ ಒಬ್ಬರು ತಪ್ಪೆಂದು ಭಾವಿಸಬೇಕಿಲ್ಲ. ಗಡ್ಡೆಯ ಗಾತ್ರ, ಕಂಕುಳಿನ ಗ್ರಂಥಿಗಳ ಸ್ಥಿತಿ, ಹಾರ್ಮೋನು ಗ್ರಾಹಕ ಹಾಗೂ ಹರ್-2 ಪರೀಕ್ಷೆಗಳ ಫಲಿತಾಂಶ ಇವೆಲ್ಲ ಚಿಕಿತ್ಸೆಯ ಕ್ರಮವನ್ನು ನಿರ್ಧರಿಸುತ್ತವೆ. ದೊಡ್ಡ ಗಡ್ಡೆಯನ್ನು ಮೊದಲು ಔಷಧದಿಂದ ಕುಗ್ಗಿಸಿದರೆ ಕೆಲವೊಮ್ಮೆ ಸ್ತನವನ್ನು ಉಳಿಸಿಕೊಳ್ಳಲು ಸಾಧ್ಯ. ಆದುದರಿಂದ ಇಬ್ಬರೂ ಅವೇ ವರದಿಗಳನ್ನು ನೋಡಿರುವರೇ ಎಂಬುದನ್ನು ಮೊದಲು ತಿಳಿಯಬೇಕು.

ಮತ್ತೊಂದು ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಹಾಳೆಗಳಷ್ಟೇ ಸಾಲವು. ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು, ಸ್ಕ್ಯಾನಿನ ಸಿ.ಡಿ.ಗಳನ್ನೂ ಒಯ್ಯಬೇಕು. ರೋಗಿ ಕೋರಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸಿದೆ. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಸ್ಮಾರಕದಂತಹ ಆಸ್ಪತ್ರೆಗಳಲ್ಲಿ ಶಸ್ತ್ರ, ಔಷಧ, ವಿಕಿರಣ ತಜ್ಞರು ಒಟ್ಟಿಗೆ ಕುಳಿತು ಚರ್ಚಿಸುವ ‘ಟ್ಯೂಮರ್ ಬೋರ್ಡ್’ ಪದ್ಧತಿಯಿದೆ. ತಮ್ಮ ಪ್ರಕರಣವನ್ನು ಅಲ್ಲಿಡುವಂತೆ ವಿನಂತಿಸಬಹುದು.

ಈ ಕ್ರಮವೇ ಏಕೆ, ಇನ್ನೊಂದರಿಂದ ಲಾಭನಷ್ಟವೇನು, ಎಷ್ಟು ದಿನ ಕಾಯಬಹುದು ಎಂಬ ಮೂರು ಪ್ರಶ್ನೆಗಳನ್ನು ಇಬ್ಬರಲ್ಲೂ ಕೇಳಿರಿ. ಮೊದಲ ವೈದ್ಯರಿಂದ ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಮನಸ್ಸಿಗೆ ಹಿತವಾದ ಉತ್ತರ ಸಿಗುವವರೆಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಸಲ್ಲದು; ರೋಗ ನಮಗಾಗಿ ಕಾಯದು. ಮನೆಯವರೆಲ್ಲ ಚರ್ಚಿಸುವಾಗ ಆ ತಾಯಿಯ ಇಚ್ಛೆಯನ್ನು ಕೇಳುವುದನ್ನು ಮಾತ್ರ ಯಾರೂ ಮರೆಯಬಾರದು.