ಕಂಡವರಿಲ್ಲದಿದ್ದರೆ ಸಾಬೀತು ಹೇಗೆ?

ನಮ್ಮ ಹೆತ್ತೂರು ಕಡೆ ಒಂದು ತೋಟದ ಮನೆಯಿಂದ ಇನ್ನೊಂದು ಬಹಳ ದೂರ. ಯಾರಾದರೂ ಮನೆಗೆ ನುಗ್ಗಿದರೆ ಕಣ್ಣಾರೆ ಕಂಡವರು ಸಿಗುವುದು ಕಷ್ಟ. ಆಗ ನ್ಯಾಯಾಲಯ ನೋಡುವುದು ಸಾಂದರ್ಭಿಕ ಸಾಕ್ಷ್ಯವನ್ನು.

1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ಮಹಿಳೆಯನ್ನು ಅವರ ಮನೆಯಲ್ಲೇ ಕೊಲೆ ಮಾಡಿ ದರೋಡೆ ಮಾಡಲಾಯಿತು. ಕೊಲೆಯನ್ನು ನೋಡಿದವರಿಲ್ಲ. ಆದರೆ ಆರೋಪಿ ಉಮೇಶ್ ರೆಡ್ಡಿ ಅಂದು ಆ ಮನೆಯಲ್ಲಿದ್ದುದನ್ನು ಆಕೆಯ ಪುಟ್ಟ ಮಗ ನೋಡಿದ್ದ. ಬೀರುವಿನ ಮೇಲೆ ಅವನ ಬೆರಳಚ್ಚು ಸಿಕ್ಕಿತು. ಕದ್ದ ವಸ್ತುಗಳು ಅವನ ಬಳಿಯಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಅವನೇ ಅಪರಾಧಿ ಎಂದು ಒಪ್ಪಿತು. 2022ರಲ್ಲಿ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರೂ ಆ ಮಾತು ಬದಲಾಗಲಿಲ್ಲ.

ಇವನ್ನು ಬಿಡಿಬಿಡಿಯಾಗಿ ನೋಡಿ. ಬೆರಳಚ್ಚು ಮಾತ್ರ ಇದ್ದರೆ, ಬೇರೆ ದಿನ ಬಂದಿದ್ದೆ ಎನ್ನಬಹುದು. ವಸ್ತು ಮಾತ್ರ ಇದ್ದರೆ, ಯಾರಿಂದಲೋ ಕೊಂಡೆ ಎನ್ನಬಹುದು. ಎಲ್ಲವೂ ಸೇರಿದಾಗ ಅಂಥ ನೆಪಗಳಿಗೆ ಜಾಗವಿಲ್ಲ. 1984ರ ಶರದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಪ್ರತಿ ಸಂಗತಿಯೂ ಸಾಬೀತಾಗಬೇಕು, ಸರಪಳಿ ಎಲ್ಲೂ ತುಂಡಾಗಬಾರದು, ಆರೋಪಿ ನಿರಪರಾಧಿಯಾಗಿರಬಹುದು ಎಂಬುದಕ್ಕೆ ಎಡೆ ಉಳಿಯಬಾರದು. ಸಾರ್ದಾ ಪ್ರಕರಣದಲ್ಲಿ ಹಾಗಾಗಲಿಲ್ಲ, ಆರೋಪಿ ಬಿಡುಗಡೆಯಾದ.

ಕಾಮರ್ಸ್ ಓದುವ ನಮಗೆ ಇದು ಬೇಗ ಅರ್ಥವಾಗುತ್ತದೆ. ವೋಚರ್ ಇಲ್ಲದ ಖರ್ಚನ್ನು ಆಡಿಟರ್ ಸುಮ್ಮನೆ ಒಪ್ಪುವುದಿಲ್ಲ.

ಊರಿನಲ್ಲಿ ಕಳ್ಳತನವಾದರೆ ಕಾಫಿ ಕೊಯ್ಲಿಗೆ ಬಂದ ಹೊರಗಿನ ಕೂಲಿಯವರತ್ತ ಬೆರಳು ತೋರಿಸುವುದು ಸುಲಭ. ಆದರೆ 'ಹೊರಗಿನವನು' ಎಂಬುದು ಸಾಕ್ಷ್ಯವಲ್ಲ. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಸಂಶಯವೇ.